ಎಡಕ್ಕೆ ಮಾತ್ರ ತಿರುಗುವ ದಾರಿ

ನಮ್ಮ ಬೆನಕಪ್ಪನವರಿಗೆ ಸೈಕಲ್ ತುಳಿಯಲು ಬರುವುದಿಲ್ಲ ಎಂಬುದು ಐವತ್ತೆರಡು ವರ್ಷ ಊರಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಸೈಕಲ್ ಬಾರದವನು ಅದನ್ನು ಮುಚ್ಚಿಡಲು ಏನೂ ಕಷ್ಟಪಡಬೇಕಿಲ್ಲ, ಸುಮ್ಮನೆ ನಡೆದರೆ ಸಾಕು. ಬೆನಕಪ್ಪನವರು ನಡೆದರು. ಮನೆಯಿಂದ ಪಂಚಾಯಿತಿ ಗ್ರಂಥಾಲಯಕ್ಕೆ, ಗ್ರಂಥಾಲಯದಿಂದ ಮನೆಗೆ ಕೈ ಹಿಂದೆ ಕಟ್ಟಿಕೊಂಡು ನಡೆದರು. ನೋಡಿದವರು, ಆರೋಗ್ಯದ ಪುಸ್ತಕ ಓದಿರಬೇಕು ಎಂದುಕೊಂಡರು. ಗ್ರಂಥಾಲಯ ನೋಡಿಕೊಳ್ಳುವವರು ಏನು ಮಾಡಿದರೂ ಜನ ಹಾಗೇ ಅಂದುಕೊಳ್ಳುತ್ತಾರೆ. ನಿಜ ಗೊತ್ತಿದ್ದದ್ದು ಅವರ ಹೆಂಡತಿ ಕಸ್ತೂರಮ್ಮನಿಗೆ ಮಾತ್ರ, ಆಕೆ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ನಾನು ಅವರ ಪಕ್ಕದ ಮನೆಯವನು. ಹಿಟ್ಟಿನ ಗಿರಣಿ ಇಟ್ಟಿದ್ದೇನೆ. ನ್ಯಾಮತಿ ತಾಲೂಕಿನ ಗುಡ್ಡದ ಬುಡದಲ್ಲಿರುವ ನಮ್ಮೂರಿನಲ್ಲಿ ಜೋಳ, ರಾಗಿ, ಸುದ್ದಿ ಮೂರೂ ಮೊದಲು ನನ್ನ ಗಿರಣಿಗೇ ಬರುತ್ತವೆ. ನಾನು ಯಾವುದಕ್ಕೂ ಕಲಬೆರಕೆ ಮಾಡುವವನಲ್ಲ, ಆದ್ದರಿಂದ ಮುಂದೆ ಹೇಳುವುದನ್ನು ನೀವು ಧೈರ್ಯವಾಗಿ ನಂಬಬಹುದು.

ಎಲ್ಲಾ ಶುರುವಾದದ್ದು ಒಂದು ಫೋಟೊದಿಂದ. ಕಸ್ತೂರಮ್ಮನ ತಂಗಿ ಶಾಂತಲಾ, ಗಂಡನ ನೌಕರಿಯ ದೆಸೆಯಿಂದ ಕುಮಟಾದ ಕಡೆ ಮನೆ ಕಟ್ಟಿಸಿದ್ದಳು. ಗೃಹಪ್ರವೇಶಕ್ಕೆ ಹೋದ ದಂಪತಿಗಳು ಮರುದಿನ ಸಮುದ್ರದ ಹಿಂದಿನ ಗುಡ್ಡ ನೋಡಲು ಹೊರಟರು. ಅಲ್ಲೊಂದು ಬೆಟ್ಟದ ಸೈಕಲ್ ದಾರಿ ಇತ್ತು. ಸೈಕಲ್ಲಿನವನೊಬ್ಬ ಎಳನೀರು ಕುಡಿಯಲು ನಿಂತವನು, ‘ಸ್ವಲ್ಪ ಹಿಡ್ಕೊಳ್ಳಿ ಸಾರ್’ ಎಂದು ತನ್ನ ಗೇರಿನ ಸೈಕಲ್ಲನ್ನು ಬೆನಕಪ್ಪನವರ ಕೈಗೆ ಕೊಟ್ಟ. ಹೆಲ್ಮೆಟ್ಟನ್ನು ಆತ ಕೊಡಲಿಲ್ಲ. ಸೀಟಿನ ಮೇಲಿದ್ದುದನ್ನು ಬೆನಕಪ್ಪನವರೇ ತಲೆಗೆ ಹಿಡಿಯುತ್ತದೋ ಇಲ್ಲವೋ ನೋಡೋಣವೆಂದು ಹಾಕಿಕೊಂಡರು. ಹಿಡಿಯಿತು. ಅದೇ ಹೊತ್ತಿಗೆ ಶಾಂತಲಾ ಫೋಟೊ ತೆಗೆದಳು.

ಊರಿನ ವಾಟ್ಸಾಪ್ ಗುಂಪಿಗೆ ಆ ಫೋಟೊ ಹಾಕುವಾಗ ಬೆನಕಪ್ಪನವರು ಕೆಳಗೆ ಒಂದು ಸಾಲು ಬರೆದರು: ‘ಕರಾವಳಿಯ ಗುಡ್ಡಗಳಲ್ಲಿ. ಇಪ್ಪತ್ತೆರಡು ಕಿಲೋಮೀಟರ್.’ ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ದಾರಿ ಇಪ್ಪತ್ತೆರಡು ಕಿಲೋಮೀಟರ್ ಇದೆಯೆಂದು ಅಲ್ಲಿ ಬೋರ್ಡೇ ಇತ್ತು. ತುಳಿದವರು ಯಾರು ಎಂಬುದನ್ನು ಮಾತ್ರ ಅವರು ಬರೆಯಲಿಲ್ಲ.

ಊರಿನವರು ಹೆಬ್ಬೆರಳು ಒತ್ತಿ ಮರೆತರು. ಆದರೆ ಫೋಟೊ ಒಂದು ಗುಂಪಿನಿಂದ ಇನ್ನೊಂದಕ್ಕೆ ಹಾರಿ ತಾಲೂಕು ಕಚೇರಿಯ ಪ್ರವೀಣ್ ಕುಮಾರ್ ಎಂಬ ಹೊಸ ಅಧಿಕಾರಿಯ ಕೈಗೆ ಬಿತ್ತು. ನಮ್ಮ ಗುಡ್ಡದಲ್ಲೂ ಬೆಟ್ಟದ ಸೈಕಲ್ ದಾರಿ ಮಾಡಬೇಕೆಂದು ಆತನಿಗೆ ಮೇಲಿನಿಂದ ಆದೇಶ ಬಂದಿತ್ತು. ಗುಡ್ಡ ಇತ್ತು, ಆದೇಶ ಇತ್ತು, ಅನುಭವ ಇದ್ದವರು ಯಾರೂ ಇರಲಿಲ್ಲ. ಫೋಟೊ ನೋಡಿದ ಮರುದಿನವೇ ಆತ ಜೀಪಿನಲ್ಲಿ ಗ್ರಂಥಾಲಯಕ್ಕೆ ಬಂದ. ಜೀಪಿನ ಹಿಂದೆ ಒಂದು ಗೇರಿನ ಸೈಕಲ್ಲೂ ಇತ್ತು. ದಾರಿ ಗುರುತು ಮಾಡುವುದು ಬೆನಕಪ್ಪನವರು, ಇಪ್ಪತ್ತೊಂದನೇ ದಿನ ಹನ್ನೆರಡು ಜನ ಸೈಕಲ್ಲಿನವರನ್ನು ಹಿಂದಿಟ್ಟುಕೊಂಡು ಮುಂದೆ ತುಳಿಯುವುದೂ ಅವರೇ ಎಂದು ತೀರ್ಮಾನ ಹೇಳಿದ.

‘ಕರಾವಳಿ ಗುಡ್ಡಾನೇ ತುಳಿದು ಬಂದಿದೀರಿ ಸಾರ್, ನಮ್ ಗುಡ್ಡ ನಿಮಗೆ ಯಾವ ಲೆಕ್ಕ?’

‘ಅದು ನಾನಲ್ಲ’ ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಬೆನಕಪ್ಪನವರು ಅದನ್ನು ಹೇಳಲೆಂದೇ ಬಾಯಿ ತೆರೆದರು. ಪಕ್ಕದೂರಿನಿಂದ ಪೇಪರ್ ಓದಲು ಬಂದ ನಾಲ್ಕು ಜನ ಕತ್ತೆತ್ತಿ ನೋಡುತ್ತಿದ್ದರು. ತೆರೆದ ಬಾಯಿಂದ, ‘ಉದ್ಘಾಟನೆ ಎಷ್ಟು ಗಂಟೆಗೆ?’ ಎಂಬ ಮಾತು ಹೊರಬಂತು.

ಸಂಜೆ ಕಸ್ತೂರಮ್ಮ ಅಂಗಳದಲ್ಲಿ ನಿಂತಿದ್ದ ಸೈಕಲ್ಲನ್ನೂ ಗಂಡನನ್ನೂ ಒಂದೊಂದು ಸಲ ನೋಡಿದರು. ನಡುವಿನ ಗೋಡೆ ಗಿಡ್ಡ, ಆಮೇಲೆ ಆದ ಮಾತು ನನಗೆ ಕೇಳಿಸಿತು. ಕೇಳಿಸಿಕೊಳ್ಳಬೇಕೆಂದು ನಾನೇನೂ ನಿಂತಿರಲಿಲ್ಲ, ಕೂತಿದ್ದೆ.

‘ನೋಡ್ರಿ, ಎರಡು ದಾರಿ ಐತೆ. ಹೋಗಿ, ಆ ಫೋಟೊದಾಗೆ ಸೈಕಲ್ ತುಳಿದೋನು ನಾನಲ್ಲ ಅಂತ ಹೇಳಿ ಬರ್ರಿ. ಇಲ್ಲಾ, ಸೈಕಲ್ ಕಲೀರಿ. ಯಾವುದು ಸಲೀಸು?’

ಬೆನಕಪ್ಪನವರು ಬಹಳ ಹೊತ್ತು ಯೋಚಿಸಿ, ‘ಕಲಿಯೋದು’ ಅಂದರು.

‘ಹಂಗಾದ್ರೆ ನಾಡಿದ್ದು ಹೊತ್ತು ಮೂಡೋದ್ರಾಗೆ ಕೆರೆ ಅಂಗಳಕ್ಕೆ ನಡೀರಿ.’

ಇಲ್ಲಿ ಕಸ್ತೂರಮ್ಮನ ಒಂದು ಸಂಗತಿ ಹೇಳಬೇಕು. ಆಕೆ ಹೊನ್ನಾಳಿ ಕಡೆಯ ಸಾಸ್ವೆಹಳ್ಳಿಯವರು. ಶಾಂತಲಾಳನ್ನು ಹಿಂದಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ನಾಲೆಯ ಏರಿ ಮೇಲೆ ಹೈಸ್ಕೂಲಿಗೆ ಸೈಕಲ್ಲಿನಲ್ಲೇ ಹೋದವರು. ಮದುವೆಯಾಗಿ ಬರುವಾಗ ಆ ಸೈಕಲ್ಲನ್ನೂ ಜೊತೆಗೆ ತಂದಿದ್ದರು. ಗಂಡ ನಡೆದು ಹೋಗುವಾಗ ಸೊಸೆ ಸೈಕಲ್ ಮೇಲೆ ಹೋದರೆ ಊರು ಏನಂದೀತು ಎಂದು ಅತ್ತೆ ಒಂದೇ ಒಂದು ಸಲ ಕೇಳಿದರು. ತಿಂಗಳೊಳಗೆ ಸೈಕಲ್ ತವರಿಗೆ ವಾಪಸಾಯಿತು. ಆಗಿನಿಂದ ಮೂವತ್ತೊಂದು ವರ್ಷ ಆಕೆಯೂ ಆ ಮಾತೆತ್ತಲಿಲ್ಲ, ಬೆನಕಪ್ಪನವರೂ ಎತ್ತಲಿಲ್ಲ.

ನನ್ನ ಗಿರಣಿಯ ಹಿಂದಿನ ಕಿಟಕಿಯಿಂದ ಬತ್ತಿದ ಕೆರೆಯ ಅಂಗಳ ಚೆನ್ನಾಗಿ ಕಾಣುತ್ತದೆ. ಹೀಗಾಗಿ ಗೋಡೆಯಾಚೆ ಕೇಳಿದ ಗುಟ್ಟನ್ನು ಕಣ್ಣಾರೆ ಕಂಡ ಮೂರನೆಯವನೂ ನಾನಾದೆ. ಕಸ್ತೂರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಸೀಟು ಹಿಡಿದು ಹಿಂದೆ ಓಡುತ್ತಿದ್ದರು. ‘ಗಾಲಿ ನೋಡಬ್ಯಾಡ್ರಿ, ದಾರಿ ನೋಡ್ರಿ’ ಎಂಬ ಕೂಗು ಗಿರಣಿಯ ಸದ್ದನ್ನೂ ಮೀರಿ ಕೇಳುತ್ತಿತ್ತು. ಮೊದಲ ದಿನ ಬೆನಕಪ್ಪನವರು ಹದಿನಾಲ್ಕು ಸಲ ಬಿದ್ದರು, ಹದಿನಾಲ್ಕು ಸಲವೂ ಬಲಕ್ಕೇ ಬಿದ್ದರು. ಪಂಚೆ ಹರಿಯಿತು, ಮೊಣಕೈ ತರಚಿತು, ಕನ್ನಡಕದ ಒಂದು ಕಡ್ಡಿ ಕೆರೆಗೇ ಅರ್ಪಣೆಯಾಯಿತು. ಹದಿನೈದನೇ ಸಲ ಹತ್ತುವುದನ್ನು ಮಾತ್ರ ಬಿಡಲಿಲ್ಲ. ಈ ಮನುಷ್ಯ ಗ್ರಂಥಾಲಯದಲ್ಲಿ ಒಂದು ಕುರ್ಚಿ ಸರಿಸಬೇಕಾದರೂ ಎರಡು ದಿನ ಮುಂದೂಡುವವರು. ಅವರಲ್ಲಿ ಇಂಥ ಹಟ ಎಲ್ಲಿತ್ತೋ ನನಗಂತೂ ಅರ್ಥವಾಗಲಿಲ್ಲ.

ವಾರದ ಹೊತ್ತಿಗೆ ನೇರವಾಗಿ ಹೋಗುವುದು ಬಂತು, ಎಡಕ್ಕೆ ತಿರುಗುವುದೂ ಬಂತು. ಬಲಕ್ಕೆ ತಿರುಗುವುದು ಬರಲಿಲ್ಲ. ಬಲಕ್ಕೆ ಹ್ಯಾಂಡಲ್ ತಿರುಗಿಸಿದರೆ ಸೈಕಲ್ ತಿರುಗುವ ಮೊದಲೇ ಇವರು ನೆಲದಲ್ಲಿರುತ್ತಿದ್ದರು. ಬ್ರೇಕಿನ ಬಗ್ಗೆ ಅವರಿಗೆ ಯಾವುದೋ ಅನುಮಾನವಿತ್ತು, ಹಿಡಿಯುತ್ತಿರಲಿಲ್ಲ. ಕೆರೆ ಏರಿಯ ಮಣ್ಣಿಗೆ ಹೋಗಿ ಗುದ್ದಿದರೆ ನಿಲ್ಲುತ್ತದೆ ಎಂಬುದೇ ಅವರ ಲೆಕ್ಕ.

ಬಲಕ್ಕೆ ತಿರುಗಲು ಬಾರದವನು ಎಂಥ ದಾರಿ ಮಾಡಬೇಕು? ಇಲ್ಲಿ ಬೆನಕಪ್ಪನವರ ಬುದ್ಧಿವಂತಿಕೆಯನ್ನು ಮೆಚ್ಚಲೇಬೇಕು. ಗುಡ್ಡದ ತುದಿಯ ಗುಡಿಯಿಂದ ಹೊರಟು, ಗುಡ್ಡವನ್ನು ಸುತ್ತುತ್ತಾ ಸುತ್ತುತ್ತಾ ಇಳಿದು, ಶಾಲೆಯ ಮೈದಾನಕ್ಕೆ ಬಂದು ಮುಟ್ಟುವ ದಾರಿ ಹುಡುಕಿದರು. ಮೊದಲಿನಿಂದ ಕೊನೆಯವರೆಗೆ ಎಲ್ಲಾ ತಿರುವೂ ಎಡಕ್ಕೇ. ಪ್ರವೀಣ್ ಕುಮಾರ್ ನಕ್ಷೆ ನೋಡಿ, ಇದು ಬಹಳ ವೈಜ್ಞಾನಿಕವಾಗಿದೆ ಎಂದು ಫೋನಿನಲ್ಲಿ ಹೊಗಳಿದನಂತೆ.

ಆ ದಾರಿಗೆ ಗುರುತು ಬೇಕಲ್ಲ. ಕಸ್ತೂರಮ್ಮನ ಹಳೆಯ ಕೆಂಪು ಲಂಗವೊಂದನ್ನು ಹರಿದು ಅರವತ್ತೆರಡು ಚೂರು ಮಾಡಿ, ದಾರಿಯುದ್ದಕ್ಕೂ ಲಂಟಾನದ ಪೊದೆಗಳಿಗೆ, ಜಾಲಿಗಿಡಗಳಿಗೆ, ಹೊಲದ ಬೇಲಿಗಳಿಗೆ ಕಟ್ಟಿಕೊಂಡು ಬಂದರು. ಕೇಳಿದವರಿಗೆ, ‘ಸರ್ಕಾರಿ ಕೆಲಸ, ಆಮೇಲೆ ಹೇಳ್ತೀನಿ’ ಅಂದರು. ನಿಜ ಹೇಳಿದರೆ ಎಲ್ಲಿ, ಒಂದು ರೌಂಡು ತುಳಿದು ತೋರಿಸ್ರಿ ಅಂದುಬಿಡುತ್ತಾರೋ ಎಂಬ ಭಯ.

ಕೆಟ್ಟಿದ್ದು ಇಲ್ಲೇ. ಮೆಕ್ಕೆಜೋಳ ಕಟಾವಾದ ಮೇಲೆ ಜಗಳೂರಿನ ಬಿಳಿಚೋಡು ಕಡೆಯಿಂದ ಕುರಿ ಮಂದೆಗಳು ನಮ್ಮ ಕಡೆ ಬರುತ್ತವೆ. ಮಂದೆಗಿಂತ ಮುಂಚೆ ಒಬ್ಬ ಬಂದು, ಯಾವ ಯಾವ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸುವುದೆಂದು ಗೊತ್ತುಮಾಡಿಕೊಂಡು, ಹಿಂದೆ ಬರುವವರಿಗೆ ದಾರಿ ತಿಳಿಯಲೆಂದು ಪೊದೆಗಳಿಗೆ ಕೆಂಪು ಬಟ್ಟೆಯ ಚೂರು ಕಟ್ಟಿ ಹೋಗುತ್ತಾನೆ. ಯಾರ ಬೇಲಿಯಲ್ಲಿ ಚೂರು ಕಂಡಿತೋ ಅವರ ಹೊಲಕ್ಕೆ ಕುರಿ ಎಂದರ್ಥ. ಒಂದು ರಾತ್ರಿ ಕುರಿ ಮಲಗಿದರೆ ಆ ಹೊಲಕ್ಕೆ ವರ್ಷದ ಗೊಬ್ಬರ ಬಿದ್ದ ಹಾಗೆ. ಇದು ಊರಿನ ಎಲ್ಲರಿಗೂ ಗೊತ್ತಿತ್ತು. ಹೊಲವೇ ಇಲ್ಲದ, ಪುಸ್ತಕದಿಂದ ತಲೆಯೆತ್ತದ ಬೆನಕಪ್ಪನವರೊಬ್ಬರಿಗೆ ಗೊತ್ತಿರಲಿಲ್ಲ.

ಈ ಸಲ ಬಿಳಿಚೋಡಿನವರ ಪರವಾಗಿ ಹೊಲ ಗೊತ್ತುಮಾಡುತ್ತಿರುವುದು ಬೆನಕಪ್ಪನವರೇ ಎಂಬ ಸುದ್ದಿ ಎರಡು ದಿನದಲ್ಲಿ ಗಿರಣಿಗೆ ಬಂತು. ಹೌದೇನಪ್ಪಾ ಎಂದು ಕೇಳಿದವರಿಗೆ ನಾನೂ ಹೌದಂತೆ ಅಂದೆ. ಅಂತೆ ಅನ್ನುವುದು ಕಲಬೆರಕೆಯಾಗುವುದಿಲ್ಲ.

ಮೊದಲು ಬಂದವರು ಚಿಕ್ಕಹನುಮಂತಪ್ಪ. ಗುಡ್ಡದ ಬುಡದಲ್ಲಿ ಅವರ ನಾಲ್ಕೆಕರೆ ಇದೆ. ಕಂಕುಳಲ್ಲಿ ಒಂದು ಕುಂಬಳಕಾಯಿ ತಂದು ಜಗಲಿ ಮೇಲಿಟ್ಟು, ದನಿ ತಗ್ಗಿಸಿದರು.

‘ಎಷ್ಟು ಬರ್ತಾವ್ರೀ ಮೇಷ್ಟ್ರೇ?’

ಬೆನಕಪ್ಪನವರು ಮೇಷ್ಟ್ರಲ್ಲ, ಆದರೂ ಪುಸ್ತಕ ಹಿಡಿದವರೆಲ್ಲ ನಮ್ಮೂರಿಗೆ ಮೇಷ್ಟ್ರೇ. ಸೈಕಲ್ಲಿನವರು ಬರುವ ಗುಟ್ಟು ಹೊರಬಿದ್ದಿದೆ ಎಂದು ಅವರು ತಿಳಿದರು. ‘ಸದ್ಯಕ್ಕೆ ಹನ್ನೆರಡು’ ಅಂದರು.

‘ಬರೇ ಹನ್ನೆರಡಾ? ಹನ್ನೆರಡರಿಂದ ಏನಾಗ್ತದೆ ಮಣ್ಣು?’

‘ಹನ್ನೆರಡೂ ಒಳ್ಳೇ ತಳೀವು. ದಾವಣಗೆರೆ, ಶಿವಮೊಗ್ಗದಿಂದ ಆರಿಸಿ ಕಳಿಸ್ತಾರೆ.’ ತಮಾಷೆ ಮಾಡಿ ವಿಷಯ ಮರೆಸುವುದು ಬೆನಕಪ್ಪನವರ ಇರಾದೆ. ಚಿಕ್ಕಹನುಮಂತಪ್ಪ ನಗಲಿಲ್ಲ, ಗಂಭೀರವಾಗಿ ತಲೆದೂಗಿದರು.

‘ರಾತ್ರಿ ಎಲ್ಲಿ ಮಲಗಿಸ್ತೀರಿ?’

‘ಗುಡಿ ಹತ್ರ ಛತ್ರದಾಗೆ ವ್ಯವಸ್ಥೆ ಆಗೈತೆ.’

‘ಛತ್ರದಾಗಾ? ಕಲ್ಲು ಚಪ್ಪಡಿ ಮ್ಯಾಲೆ ಮಲಗಿಸಿ ಯಾರಿಗೆ ಉಪಯೋಗ? ನಮ್ಮ ಹೊಲಕ್ಕೆ ಬಿಡ್ರಿ. ನೀರು ಇಡ್ತೀನಿ, ಸುತ್ತ ಬಲೆ ಕಟ್ತೀನಿ, ನಾಯಿ ಕಾಯ್ತದೆ. ಬೆಳಗ್ಗೆ ಅವು ಬಿಟ್ಟು ಹೋಗಿದ್ದೇ ನಮಗೆ ಬಂಗಾರ.’

ಬೆನಕಪ್ಪನವರಿಗೆ ಕಣ್ಣು ತುಂಬಿ ಬಂತು. ಪರಸ್ಥಳದ ಸೈಕಲ್ಲಿನವರ ಮೇಲೆ ಈ ರೈತನಿಗೆ ಇಷ್ಟು ಅಂತಃಕರಣ ಇದೆಯೆಂದು ಅವರು ಎಣಿಸಿರಲಿಲ್ಲ. ಬಲೆಯೇಕೆ ಎಂಬುದು ಮಾತ್ರ ತಿಳಿಯಲಿಲ್ಲ. ಸೊಳ್ಳೆಗಿರಬೇಕೆಂದುಕೊಂಡು, ‘ಕೇಳಿ ನೋಡ್ತೀನಿ’ ಅಂದರು. ಚಿಕ್ಕಹನುಮಂತಪ್ಪ ಅದನ್ನು ಆಗಲಿ ಎಂದು ತಿಳಿದುಕೊಂಡು, ಹೋಗುವ ದಾರಿಯಲ್ಲೇ ಮೂರು ಚೂರು ಬಿಚ್ಚಿ ತಮ್ಮ ಹೊಲದ ಬಲಗಡೆಯ ಬೇಲಿಗೆ ಕಟ್ಟಿಕೊಂಡರು.

ಒಬ್ಬರು ಮಾಡಿದರೆ ಇನ್ನೊಬ್ಬರು ಬಿಡುತ್ತಾರೆಯೇ? ಕೆಂಪಕ್ಕ ಎಂಬ ಹಿರಿಯಾಕೆ ಚಿಕ್ಕಹನುಮಂತಪ್ಪನವರ ಬೇಲಿಯಿಂದ ಎರಡು ಬಿಚ್ಚಿ ತನ್ನ ಬೇಲಿಗೆ ಕಟ್ಟಿದರು. ಬಿಚ್ಚುವುದು ಪಾಪವೆಂದುಕೊಂಡವರು ತಮ್ಮ ಮನೆಯಲ್ಲಿದ್ದ ಕೆಂಪು ಬಟ್ಟೆಯನ್ನೇ ಹರಿದು ಕಟ್ಟಿದರು. ಅರವತ್ತೆರಡು ಚೂರು ನೂರಾ ಹದಿನೈದಾಯಿತು. ಬೆನಕಪ್ಪನವರ ಜಗಲಿಯಲ್ಲಿ ಏಳು ಕುಂಬಳಕಾಯಿ ಸಾಲಾಗಿ ಕೂತವು. ಎಡಕ್ಕೇ ತಿರುಗುತ್ತಿದ್ದ ದಾರಿ ಕೊನೆಯ ಒಂದು ಮೈಲಿಯಲ್ಲಿ ಹದಿನಾರು ಹೊಲ ಹೊಕ್ಕು, ಬಲಕ್ಕೂ ಎಡಕ್ಕೂ ಮನಬಂದಂತೆ ತಿರುಗತೊಡಗಿತು.

ಬೆನಕಪ್ಪನವರು ಬೆಳಗ್ಗೆ ಬಿಚ್ಚಿ ಸರಿಮಾಡಿ ಬಂದರೆ ಸಂಜೆಗೆ ಮತ್ತೆ ಮೊದಲಿನಂತೆಯೇ ಇರುತ್ತಿತ್ತು. ಯಾರನ್ನಾದರೂ ಕೇಳೋಣವೆಂದರೆ ಆ ಗುಟ್ಟಿನ ಭಯ. ಕೊನೆಗೆ, ಇನ್ನು ನಾಲ್ಕು ದಿನ ಇದೆ ಎನ್ನುವಾಗ, ‘ದಾರಿ ಹೆಂಗಾರ ತಿರುಗಲಿ, ನಾನೇ ಬಲಕ್ಕೆ ತಿರುಗೋದು ಕಲೀತೀನಿ’ ಎಂದು ಹೆಂಡತಿಗೆ ಹೇಳಿ ಕೆರೆಗಿಳಿದರು. ನಾಲ್ಕು ದಿನವೂ ಹೊತ್ತೇರುವವರೆಗೆ ಬಿದ್ದರು. ಬಲಗಾಲಿನ ಮೊಣಕಾಲು ಜಗಲಿಯ ಕುಂಬಳಕಾಯಿಯಷ್ಟೇ ಆಯಿತು. ಕಲಿಯಲಿಲ್ಲ. ಉದ್ಘಾಟನೆಯ ಹಿಂದಿನ ಸಂಜೆ ಕಸ್ತೂರಮ್ಮ, ‘ಇಳಿಜಾರು ಮುಗಿಯೋ ಕಡೆ ಹುಣಿಸೆಮರ ಐತಲ್ಲ, ನಾನು ಅಲ್ಲಿ ನಿಂತಿರ್ತೀನಿ. ನೀವು ನೆಟ್ಟಗೆ ನನ್ನ ಕಡೆ ಬರ್ರಿ, ಹ್ಯಾಂಡಲ್ ಹಿಡಕಂಡು ನಿಲ್ಲಿಸ್ತೀನಿ’ ಅಂದರು.

ಭಾನುವಾರ ಗಿರಣಿಗೆ ರಜೆ ಕೊಟ್ಟು ನಾನೂ ಹುಣಿಸೆಮರದ ಹತ್ತಿರ ಹೋಗಿ ನಿಂತೆ. ಶಾಲೆಯ ಮೈದಾನದಲ್ಲಿ ಶಾಮಿಯಾನ, ಮೈಕು, ಕೊನೆಯಲ್ಲಿ ಅಡ್ಡಲಾಗಿ ಕಟ್ಟಿದ ಕೆಂಪು ಟೇಪು ಎಲ್ಲಾ ಸಿದ್ಧವಾಗಿತ್ತು. ಶಾಮಿಯಾನದವರು ಬಿಸಿಲು ನೋಡಿ ಜಾಗ ಬದಲಾಯಿಸಿದ್ದರು. ಈಗ ಹುಣಿಸೆಮರದಿಂದ ಟೇಪಿಗೆ ಹೋಗಬೇಕಾದರೆ ನೀರಿನ ಟ್ಯಾಂಕಿನ ಬಳಿ ಬಲಕ್ಕೆ ತಿರುಗಲೇಬೇಕಿತ್ತು. ಕಸ್ತೂರಮ್ಮ ಅದನ್ನು ನೋಡಿ ನಿಟ್ಟುಸಿರು ಬಿಟ್ಟರು.

ಮೇಲೆ ನಡೆದದ್ದನ್ನು ಆಮೇಲೆ ಆ ಹನ್ನೆರಡು ಜನ ಹೇಳಿದರು. ಬೆನಕಪ್ಪನವರು ಗುಡಿಯ ಮುಂದೆ ಕೈಮುಗಿದು ಸೈಕಲ್ ಹತ್ತಿದವರು ಒಮ್ಮೆಯೂ ಬ್ರೇಕ್ ಹಿಡಿಯಲಿಲ್ಲವಂತೆ. ಏಳು ತಿರುವು, ಏಳೂ ಎಡಕ್ಕೆ, ಪಂಚೆ ಹಾರಿಸಿಕೊಂಡು ಇಳಿದರಂತೆ. ಈ ವಯಸ್ಸಿನಲ್ಲಿ ಇಂಥ ಧೈರ್ಯವನ್ನು ನಾವು ಎಲ್ಲೂ ನೋಡಿಲ್ಲ ಎಂದು ಶಿವಮೊಗ್ಗದವನೊಬ್ಬ ಅಂದ. ಅದು ಧೈರ್ಯವೆಂದು ನಾನೂ ಒಪ್ಪುತ್ತೇನೆ. ಚಿಕ್ಕಹನುಮಂತಪ್ಪನವರ ಹೊಲದ ಹತ್ತಿರ ಚೂರುಗಳು ಬಲಕ್ಕೆ ತಿರುಗಿದವು. ಬೆನಕಪ್ಪನವರು ತಿರುಗಲಿಲ್ಲ. ನೆಟ್ಟಗೆ ಮೆಕ್ಕೆಜೋಳದ ಕೂಳೆಯೊಳಗೆ ಹೊಕ್ಕರು. ಅನುಭವಸ್ಥರು ಹೋದದ್ದೇ ದಾರಿ ಎಂದು ಹನ್ನೆರಡು ಜನವೂ ಹಿಂದೆ ಹೊಕ್ಕರು.

ಅದೇ ಹೊತ್ತಿಗೆ ಆ ಕಡೆಯಿಂದ ಬಿಳಿಚೋಡಿನ ರೇವಣ್ಣನ ಮಂದೆ ಬರುತ್ತಿತ್ತು. ಎಂಟುನೂರು ಕುರಿ. ಕಂಡ ಕಂಡ ಬೇಲಿಯಲ್ಲೆಲ್ಲ ಕೆಂಪು ಚೂರು ನೋಡಿ, ತನ್ನವರೇ ಕಟ್ಟಿ ಹೋಗಿದ್ದಾರೆಂದು ನಂಬಿ, ಬೆಳಗಿನಿಂದ ಆ ಹದಿನಾರು ಹೊಲಗಳಲ್ಲಿ ಸುತ್ತಿ ಸುತ್ತಿ ರೇವಣ್ಣ ದಣಿದಿದ್ದ. ಬೆನಕಪ್ಪನವರ ಸೈಕಲ್ ಮಂದೆಯ ನಟ್ಟನಡುವೆ ನುಗ್ಗಿತು. ಕುರಿಗಳು ಸರಿದು ದಾರಿ ಬಿಟ್ಟು, ಮತ್ತೆ ಎರಡೂ ಕಡೆಯಿಂದ ಒತ್ತಿಕೊಂಡವು. ಬ್ರೇಕಿಲ್ಲದೆ, ಏರಿಗೆ ಗುದ್ದದೆ, ಬಲಕ್ಕೆ ಬೀಳದೆ ಸೈಕಲ್ ನಿಂತದ್ದು ಅದೇ ಮೊದಲು.

ರೇವಣ್ಣ ಕೋಲೂರಿ ಕೇಳಿದ: ‘ಈ ಬಟ್ಟೆ ಕಟ್ಟಿದ್ದು ನೀವೇನ್ರೀ? ಒಂದು ಮಂದೇನ ಒಂದೇ ರಾತ್ರಿ ಹದಿನಾರು ಹೊಲದಾಗೆ ಹೆಂಗ್ರೀ ನಿಲ್ಲಿಸಾಕೆ ಆಗ್ತದೆ?’

ಅಷ್ಟರಲ್ಲಿ ಹದಿನಾರು ಹೊಲದವರೂ ಓಡಿ ಬಂದಿದ್ದರು. ಕುಂಬಳಕಾಯಿ ಮೊದಲು ಕೊಟ್ಟವನು ನಾನು ಎಂದು ಚಿಕ್ಕಹನುಮಂತಪ್ಪ, ದೊಡ್ಡದು ಕೊಟ್ಟವಳು ನಾನು ಎಂದು ಕೆಂಪಕ್ಕ ವಾದಕ್ಕೆ ನಿಂತರು. ಬೆನಕಪ್ಪನವರಿಗೆ ಬಲೆ ಏಕೆಂದು ಆಗ ತಿಳಿಯಿತು. ಗದ್ದಲಕ್ಕೆ ಹೆದರಿದ ಮುಂದಾಳು ಟಗರು ಇಳಿಜಾರಿನ ಕಡೆ ತಿರುಗಿತು. ಅದರ ಹಿಂದೆ ಎಂಟುನೂರು ಕುರಿ, ಕುರಿಗಳ ನಡುವೆ ಸೈಕಲ್ ತಳ್ಳಿಕೊಂಡು ಬೆನಕಪ್ಪನವರು, ಧೂಳಿನೊಳಗೆ ಹನ್ನೆರಡು ಜನ, ಹಿಂದೆ ಊರಿನವರು, ಎಲ್ಲರೂ ಹುಣಿಸೆಮರದ ಕಡೆ ಬಂದರು. ವಾದ್ಯದವರು ಯಾರು ಬಂದರೆಂದು ನೋಡದೆ ಬಾರಿಸಲು ಶುರುಮಾಡಿದರು.

ಕುರಿಗಳು ಶಾಮಿಯಾನದ ನೆರಳು ಹಿಡಿದವು. ಬೆನಕಪ್ಪನವರು ಕಸ್ತೂರಮ್ಮನ ಮುಂದೆ ನಿಂತರು. ಆಕೆ ಮಾತಿನಂತೆ ಹ್ಯಾಂಡಲ್ ಹಿಡಿದುಕೊಂಡರು. ಪ್ರವೀಣ್ ಕುಮಾರ್ ಬೆವರು ಒರೆಸಿಕೊಳ್ಳುತ್ತಾ ಓಡಿ ಬಂದ. ಅತಿಥಿಗಳು ಕಾಯುತ್ತಿದ್ದರು, ಫೋಟೊದವರು ಕಾಯುತ್ತಿದ್ದರು.

‘ಆಗಿದ್ದಾಯ್ತು ಸಾರ್. ಇಲ್ಲಿಂದ ಟೇಪ್ ತನಕ ನೀವೊಬ್ಬರು ತುಳ್ಕೊಂಡು ಬಂದುಬಿಡಿ. ಒಂದು ಫೋಟೊ ಆದ್ರೆ ಸಾಕು.’ ಆಮೇಲೆ ಇವರ ಮೊಣಕಾಲು ನೋಡಿ, ‘ಕಾಲಿಗೆ ಪೆಟ್ಟಾಗಿದ್ರೆ ಬೇಡ ಬಿಡಿ, ಬೇರೆ ಯಾರನ್ನಾದ್ರೂ ಕಳಿಸೋಣ’ ಅಂದ.

ತಪ್ಪಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ದೇವರೂ ಕೊಡುವುದಿಲ್ಲ. ‘ಹೂಂ, ಕಾಲು ನೋವು’ ಎಂದರೆ ಗುಟ್ಟು ಇನ್ನೂ ಐವತ್ತೆರಡು ವರ್ಷ ಭದ್ರ. ನಾನು ಮನಸ್ಸಿನಲ್ಲೇ, ಅನ್ನು ಮಾರಾಯ ಅಂದೆ. ಬೆನಕಪ್ಪನವರು ಬಾಯಿ ತೆರೆದರು. ಆಗ ಅವರ ಕಣ್ಣು ಕಸ್ತೂರಮ್ಮನ ಕೈ ಮೇಲೆ ಬಿತ್ತು. ಸೈಕಲ್ ನಿಂತಾಗಿತ್ತು, ಹಿಡಿದಿರುವ ಅಗತ್ಯವಿರಲಿಲ್ಲ. ಆಕೆ ಹಿಡಿದೇ ಇದ್ದರು. ಹೆಬ್ಬೆರಳು ಹ್ಯಾಂಡಲ್ ಮೇಲೆ ಬೆಲ್ಲು ಇರಬೇಕಾದ ಜಾಗದಲ್ಲಿ ಮೆಲ್ಲಗೆ ತಡಕಾಡುತ್ತಿತ್ತು.

‘ಸಾಹೇಬ್ರೇ, ಆ ಫೋಟೊದಾಗೆ ನಾನು ಸೈಕಲ್ ಹಿಡ್ಕಂಡಿದ್ದೆ ಅಷ್ಟೆ, ತುಳಿದಿಲ್ಲ. ನಾನು ಸೈಕಲ್ ಕಲಿಯಾಕೆ ಶುರುಮಾಡಿ ಇವತ್ತಿಗೆ ಹತ್ತೊಂಬತ್ತು ದಿನ. ಬಲಕ್ಕೆ ತಿರುಗೋದು ಇನ್ನೂ ಬಂದಿಲ್ಲ. ಕಲಿಸಿದಾಕೆ ಈಕೆ. ಈಕೆ ಎರಡೂ ಕಡೆ ತಿರುಗ್ತಾಳೆ.’

ಪ್ರವೀಣ್ ಕುಮಾರನ ಕೈಯಲ್ಲಿದ್ದ ಮೈಕು ಚಾಲೂ ಇತ್ತು. ಮಾತು ಇಡೀ ಊರಿಗೆ ಕೇಳಿಸಿತು. ಮೂವತ್ತು ವರ್ಷದ ನೆರೆಹೊರೆಯಲ್ಲಿ ನನಗೆ ಬೆನಕಪ್ಪನವರ ಮೇಲೆ ಗೌರವ ಬಂದದ್ದು ಆ ಗಳಿಗೆಯಲ್ಲಿ, ಹೇಳಲು ನಾಚಿಕೆಯಿಲ್ಲ.

‘ನೀವೊಬ್ರು’ ಎಂದು ಕಸ್ತೂರಮ್ಮ ಗೊಣಗಿದರು. ಗೊಣಗುತ್ತಲೇ ಸೆರಗು ಸೊಂಟಕ್ಕೆ ಸಿಕ್ಕಿಸಿದರು, ಚಪ್ಪಲಿ ಬಿಟ್ಟರು, ಸೈಕಲ್ ಏರಿದರು. ಮೂವತ್ತೊಂದು ವರ್ಷವಾದರೂ ಕಾಲು ಮರೆತಿರಲಿಲ್ಲ. ಬೆನಕಪ್ಪನವರು ಕುಂಟುತ್ತಾ, ಸೀಟು ಹಿಡಿದು ಹಿಂದೆ ಓಡಿದರು. ಹತ್ತು ಮಾರು ಹೋಗುವಷ್ಟರಲ್ಲಿ ಆಕೆ ತಿರುಗಿ ನೋಡದೆ ಹೇಳಿದರು: ‘ಸೀಟು ಬಿಡ್ರಿ, ಎಳೀತದೆ.’

ಅವರು ಬಿಟ್ಟರು. ಕಸ್ತೂರಮ್ಮ ನೀರಿನ ಟ್ಯಾಂಕಿನ ಹತ್ತಿರ ಬಲಕ್ಕೆ ತಿರುಗಿ, ಅಡ್ಡ ಬಂದ ಎರಡು ಕುರಿಗಳನ್ನು ‘ಹೋಯ್’ ಎಂದು ಸರಿಸಿ, ಟೇಪು ಹರಿದುಕೊಂಡು ಹೋದರು. ಮೊದಲು ಚಪ್ಪಾಳೆ ತಟ್ಟಿದವರು ಕೆಂಪಕ್ಕ. ಟೇಪು ಕೆಂಪಗಿದ್ದುದರಿಂದ ಅದರ ಒಂದು ಚೂರನ್ನು ಆಕೆ ಮಡಿಲಿಗೆ ಹಾಕಿಕೊಂಡದ್ದನ್ನೂ ನಾನು ನೋಡಿದೆ.

ರೇವಣ್ಣ ದಿನಕ್ಕೊಂದು ಹೊಲದಂತೆ ಹದಿನಾರು ದಿನ ನಿಂತು ಎಲ್ಲರ ಮನಸ್ಸೂ ತಣಿಸಿದ. ಮೊದಲ ದಿನದ ಗೊಬ್ಬರವೆಲ್ಲ ಶಾಲೆಯ ಮೈದಾನಕ್ಕೇ ಬಿತ್ತು. ಸೈಕಲ್ ದಾರಿ ಉಳಿಯಿತು. ಕೆಂಪು ಗುರುತುಗಳ ಬದಲು ಈಗ ಹಳದಿ ಇವೆ.

ಅವತ್ತು ಸಂಜೆ ಊರಿನ ಗುಂಪಿಗೆ ಬೆನಕಪ್ಪನವರು ಇನ್ನೊಂದು ಫೋಟೊ ಹಾಕಿದರು. ಸೈಕಲ್ ಮೇಲೆ ಕಸ್ತೂರಮ್ಮ, ಹಿಂದೆ ದೂರದಲ್ಲಿ ಮೊಣಕಾಲು ಹಿಡಿದುಕೊಂಡು ನಗುತ್ತಿರುವ ಅವರು, ಸುತ್ತ ಕುರಿ. ಕೆಳಗೆ ಹೀಗೆ ಬರೆದಿತ್ತು:

‘ನಮ್ಮ ಗುಡ್ಡದ ಬುಡದಲ್ಲಿ. ಇನ್ನೂರು ಮೀಟರ್. ತುಳಿದವರು: ಕಸ್ತೂರಮ್ಮ.’